ಗಾಳಿಮರೆ, ಹರಿವುಮರೆ: ಸಾಗರ ದ್ವೀಪಗಳ ಸುತ್ತ ಬೊಂಡಾಸ ಮತ್ತು ಅಷ್ಟಪದಿಯ ಮರಿಗಳು

ಕಾರವಾರದಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಮೀನುಗಾರ ಬಂಧುಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಸಮಯ ಸಾಲದೆ ಅಂದು ಬಿಟ್ಟುಹೋದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.

ಬಂಧುಗಳೇ,

ಬೈತಖೋಲ ಬಂದರಿಗೆ ಟ್ರಾಲರ್‌ಗಳು ಮರಳುವ ಹೊತ್ತಿನಲ್ಲಿ ಹೋಗಿ ನಿಂತರೆ, ಬಂಗಡೆ ಮತ್ತು ಸೀಗಡಿಯ ಬುಟ್ಟಿಗಳ ನಡುವೆ ಬೊಂಡಾಸದ ರಾಶಿ ಕಾಣುತ್ತದೆ. ನಾನು ಬೊಂಡಾಸ ಎನ್ನುವುದನ್ನು ಇಲ್ಲಿಯ ಕೊಂಕಣಿಯಲ್ಲಿ ಮಾಣಕಿ ಎನ್ನುತ್ತಾರೆ. ಅಷ್ಟಪದಿಯನ್ನು ಆಕ್ಟೋಪಸ್ ಎಂದೇ ಕರೆಯುವವರು ಹೆಚ್ಚು. ಇವೆರಡೂ, ಇವುಗಳ ನೆಂಟನಾದ ಕಟ್ಲ್‌ಫಿಶ್ ಕೂಡ, ಶೀರ್ಷಪಾದಿಗಳೆಂಬ ಒಂದೇ ವರ್ಗಕ್ಕೆ ಸೇರಿದ ಮೃದ್ವಂಗಿಗಳು. ಜಗತ್ತಿನಲ್ಲಿ ಈಗ ಬದುಕಿರುವ ಸುಮಾರು 800 ಶೀರ್ಷಪಾದಿ ಪ್ರಭೇದಗಳಲ್ಲಿ ಒಂದೂ ಸಿಹಿನೀರಿನಲ್ಲಿಲ್ಲ, ಎಲ್ಲವೂ ಕಡಲಿನವೇ. ಬಂದರಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಬೆಳೆದ ಪ್ರಾಣಿಗಳು ಮಾತ್ರ. ಅವು ಸಾಸಿವೆ ಕಾಳಿನಷ್ಟಿದ್ದಾಗ ಎಲ್ಲಿದ್ದವು, ಯಾವ ನೀರಿನಲ್ಲಿ ತೇಲಿದವು, ಅಲ್ಲಿಗೆ ಹೋದದ್ದು ಹೇಗೆ ಎಂಬುದು ಇಂದಿನ ವಿಷಯ. ಈ ಪ್ರಶ್ನೆಯನ್ನು ಕರಾವಳಿಯ ಕೆಸರು ನೀರಿನಲ್ಲಿ ಬಿಡಿಸುವುದಕ್ಕಿಂತ, ನಡುಗಡಲಿನಲ್ಲಿ ಒಂಟಿಯಾಗಿ ನಿಂತ ದ್ವೀಪಗಳ ಸುತ್ತ ಬಿಡಿಸುವುದು ಸುಲಭ. ಅಲ್ಲಿ ನೆಲ ಎಲ್ಲಿ ಮುಗಿಯುತ್ತದೆ, ಆಳ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಸ್ಪಷ್ಟವಾಗಿರುತ್ತದೆ.

ಮೊದಲು ಒಂದು ಗೊಂದಲವನ್ನು ದೂರ ಮಾಡಬೇಕು. ನಮ್ಮ ಜಿಲ್ಲೆಗೂ ದ್ವೀಪಗಳಿವೆ. ಕಾರವಾರದ ಎದುರಿಗೆ ಕೂರ್ಮಗಡ, ದೇವಗಡ ಇವೆ; ಆಡಳಿತದಲ್ಲಿ ಗೋವೆಗೆ ಸೇರಿದ ಅಂಜುದೀವ್ ಕೂಡ ಇಲ್ಲೇ ಎದುರಿಗಿದೆ. ಹೊನ್ನಾವರದ ಬಳಿ ಬಸವರಾಜ ದುರ್ಗವಿದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ಸಿಗುತ್ತದೆ. ಆದರೆ ಇವೆಲ್ಲ ಖಂಡದ ಅಂಚಿನ ಆಳವಿಲ್ಲದ ಕಡಲತಳದ ಮೇಲೆ ಎದ್ದುನಿಂತ ಗುಡ್ಡಗಳು. ಕಡಲು ಬತ್ತಿದರೆ ಸಹ್ಯಾದ್ರಿಯ ಬುಡದ ದಿಬ್ಬಗಳಂತೆ ಕಂಡಾವು. ಸಾಗರ ದ್ವೀಪವೆಂದರೆ ಬೇರೆ. ಅದು ಸಾವಿರಾರು ಮೀಟರ್ ಆಳದಿಂದ ನೇರವಾಗಿ ಎದ್ದು ಬಂದಿರುತ್ತದೆ. ಶಾಂತಸಾಗರದ ಹವಾಯಿ ಅಂಥದ್ದು, ಅಟ್ಲಾಂಟಿಕ್ ಸಾಗರದ ಅಜೋರ್ಸ್ ಅಂಥದ್ದು, ನಮ್ಮ ಲಕ್ಷದ್ವೀಪವೂ ಅಂಥದ್ದು. ಅಲ್ಲಿ ದಡದ ಸುತ್ತಲಿನ ಆಳವಿಲ್ಲದ ದಿಬ್ಬದ ಅಂಚು ದಾಟಿ ದೋಣಿ ಸ್ವಲ್ಪ ದೂರ ಸಾಗಿತೆಂದರೆ ಲಂಗರಿಗೆ ತಳ ಸಿಗುವುದಿಲ್ಲ.

ಇನ್ನು ಮರಿಗಳ ವಿಷಯ. ಏಡಿ, ಸೀಗಡಿಗಳ ಮರಿ ತಾಯಿಯನ್ನು ಹೋಲುವುದಿಲ್ಲ. ಹಲವು ಬಾರಿ ಪೊರೆ ಕಳಚಿ, ರೂಪ ಬದಲಿಸಿ, ಕೊನೆಗೆ ಏಡಿಯೋ ಸೀಗಡಿಯೋ ಆಗುತ್ತದೆ. ಆ ನಡುವಿನ ರೂಪಕ್ಕೆ ಲಾರ್ವಾ ಎನ್ನುತ್ತೇವೆ. ಬೊಂಡಾಸ ಮತ್ತು ಅಷ್ಟಪದಿಗಳಲ್ಲಿ ಅಂಥ ರೂಪಾಂತರವಿಲ್ಲ. ಮೊಟ್ಟೆಯಿಂದ ಹೊರಬಂದ ಮರಿಯೂ ಗುರುತು ಹಿಡಿಯುವಷ್ಟು ತಾಯಿಯಂತೆಯೇ ಇರುತ್ತದೆ. ಆದರೂ ಅದರ ಬದುಕು ತಾಯಿಯದಲ್ಲ. ತಾಯಿ ತಳದಲ್ಲಿ ಬಿಲ ಮಾಡಿಕೊಂಡಿದ್ದರೆ ಮರಿ ಮೇಲ್ನೀರಿನಲ್ಲಿ ಪ್ಲವಕಗಳೆಂಬ ತೇಲುವ ಸಣ್ಣ ಜೀವಿಗಳೊಡನೆ ತೇಲುತ್ತದೆ. ಇದನ್ನು ಲಾರ್ವಾ ಎನ್ನುವುದೂ ಸರಿಯಲ್ಲ, ಚಿಕ್ಕ ಬೊಂಡಾಸ ಎಂದು ಬಿಡುವುದೂ ಸರಿಯಲ್ಲ. ಹವಾಯಿಯ ನೀರಿನಲ್ಲಿ ಕೆಲಸ ಮಾಡಿದ ರಿಚರ್ಡ್ ಯಂಗ್ ಮತ್ತು ರಾಬರ್ಟ್ ಹಾರ್ಮನ್ 1988ರಲ್ಲಿ ಇದಕ್ಕೆ ಪ್ಯಾರಾಲಾರ್ವಾ ಎಂಬ ಹೊಸ ಹೆಸರಿಟ್ಟರು. ರೂಪ ನೋಡಿ ಇಟ್ಟ ಹೆಸರಲ್ಲ ಅದು. ಮರಿ ಎಲ್ಲಿ ವಾಸಿಸುತ್ತದೆ, ಹೇಗೆ ಬದುಕುತ್ತದೆ ಎಂಬುದನ್ನು ನೋಡಿ ಇಟ್ಟದ್ದು. ವ್ಯಾಖ್ಯೆಯ ಒಳಗೇ ನೆಲೆಯ ಪ್ರಶ್ನೆ ಕೂತಿರುವುದರಿಂದ ನನಗೆ ಈ ಪದ ಬಹಳ ಇಷ್ಟ.

ನಾನು ವಿದ್ಯಾರ್ಥಿಯಾಗಿದ್ದಾಗ ಇಲ್ಲಿಯ ಮೀನುಗಾರರೊಬ್ಬರು, ಬಲೆಗೆ ಬಂದ ದೊಡ್ಡ ಚಿಪ್ಪೊಂದನ್ನು ಬಕೆಟ್ಟಿನ ನೀರಿನಲ್ಲಿಟ್ಟು ತಂದುಕೊಟ್ಟಿದ್ದರು. ಒಳಗೆ ಹೆಣ್ಣು ಅಷ್ಟಪದಿಯೊಂದು ಮೊಟ್ಟೆಗಳನ್ನು ತಬ್ಬಿ ಕೂತಿತ್ತು. ಅಕ್ಕಿ ಕಾಳುಗಳನ್ನು ದಾರಕ್ಕೆ ಪೋಣಿಸಿದಂತೆ ಮೊಟ್ಟೆಗಳ ಎಳೆಗಳು ಚಿಪ್ಪಿನ ಒಳಮೈಗೆ ಅಂಟಿದ್ದವು. ತೊಟ್ಟಿಗೆ ಬಿಟ್ಟ ಮೇಲೆ ನಾನು ಹಾಕಿದ ಏಡಿಯನ್ನು ಆ ತಾಯಿ ಮುಟ್ಟಲಿಲ್ಲ. ದಿನವಿಡೀ ಕೊಳವೆಯಿಂದ ನೀರು ಊದುತ್ತಾ ಮೊಟ್ಟೆಗಳನ್ನು ತೊಳೆಯುತ್ತಿತ್ತು, ಬಾಹುಗಳ ತುದಿಯಿಂದ ಒಂದೊಂದೇ ಎಳೆಯನ್ನು ನೇವರಿಸುತ್ತಿತ್ತು. ಮೊಟ್ಟೆಯೊಳಗಿನ ಕಣ್ಣುಗಳು ಎರಡು ಕಂದು ಚುಕ್ಕೆಗಳಾಗಿ ಹೊರಗಿನಿಂದಲೇ ಕಾಣತೊಡಗಿದವು. ಒಂದು ರಾತ್ರಿ ಮರಿಗಳು ಹೊರಬಂದವು. ಕೆಲವನ್ನು ಗಾಜಿನ ತಟ್ಟೆಗೆ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಮೈ ಪಾರದರ್ಶಕ, ಒಳಗೆ ಮಿಡಿಯುವ ಹೃದಯಗಳು ಕಾಣುತ್ತಿದ್ದವು. ತಲೆಗೆ ಮೀರಿದ ಕಣ್ಣು. ಎಂಟು ಬಾಹುಗಳಿದ್ದವು, ಆದರೆ ಮೊಗ್ಗಿನಂತೆ ಮೋಟು, ಪ್ರತಿಯೊಂದರಲ್ಲಿ ಬೆರಳೆಣಿಕೆಯ ಹೀರುಬಟ್ಟಲು. ಮೈಮೇಲಿನ ಕಂದು ವರ್ಣಕೋಶಗಳು ಒಮ್ಮೆ ಚುಕ್ಕೆಯಾಗಿ, ಒಮ್ಮೆ ಹೂವಾಗಿ ಅರಳಿ ಮುಚ್ಚುತ್ತಿದ್ದವು. ನೀರನ್ನು ಚಿಮ್ಮಿಸಿ ತಟ್ಟೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾರುತ್ತಿದ್ದ ಆ ಮರಿಗಳು ತಳಕ್ಕೆ ಮಾತ್ರ ಇಳಿಯಲೇ ಇಲ್ಲ. ತಾಯಿ ಆ ವಾರದಲ್ಲೇ ಸತ್ತಿತು. ಅಷ್ಟಪದಿಯ ತಾಯಂದಿರ ಕ್ರಮವೇ ಅದು.

ಸಾಮಾನ್ಯ ಅಷ್ಟಪದಿ ಎಂದು ಪುಸ್ತಕಗಳಲ್ಲಿ ಬರುವ ಆಕ್ಟೋಪಸ್ ವಲ್ಗ್ಯಾರಿಸ್ ಪ್ರಭೇದದ ಮರಿಗೆ ಹುಟ್ಟಿದಾಗ ಮೈಚೀಲದ, ಅಂದರೆ ತಲೆಯ ಹಿಂದಿನ ಚೀಲದಂಥ ಒಡಲಿನ, ಉದ್ದ ಸುಮಾರು 2 ಮಿಲಿಮೀಟರ್, ಪ್ರತಿ ಬಾಹುವಿನಲ್ಲಿ ಮೂರು ಹೀರುಬಟ್ಟಲು. ಒಬ್ಬ ತಾಯಿ ಲಕ್ಷಕ್ಕೂ ಮೀರಿ ಮೊಟ್ಟೆ ಇಡುತ್ತಾಳೆ. ನೀರಿನ ಬಿಸಿಯನ್ನು ಅವಲಂಬಿಸಿ ಮರಿ ಒಂದರಿಂದ ಎರಡು ತಿಂಗಳು ತೇಲುತ್ತದೆ. ಆಮೇಲೆ ಬಾಹುಗಳು ಉದ್ದವಾಗಿ, ಹೀರುಬಟ್ಟಲುಗಳು ಹೆಚ್ಚಿ, ತಳಕ್ಕೆ ಇಳಿಯುತ್ತದೆ. ಈ ಒಂದೆರಡು ತಿಂಗಳಲ್ಲಿ ಸೆಳೆತ ಅದನ್ನು ಎಲ್ಲಿಗೆ ಒಯ್ಯುತ್ತದೆಯೋ ಅದರ ಮೇಲೆ ಮುಂದಿನದೆಲ್ಲ ನಿಂತಿದೆ. ಇಳಿಯುವ ದಿನ ಕೆಳಗೆ ದ್ವೀಪದ ದಿಬ್ಬವಿದ್ದರೆ ಬದುಕು. 2,000 ಮೀಟರ್ ಕತ್ತಲೆಯಿದ್ದರೆ ಅಲ್ಲಿಗೆ ಮುಗಿಯಿತು.

ಬೊಂಡಾಸಗಳಲ್ಲಿ ಈ ಲೆಕ್ಕ ಒಂದೇ ರೀತಿಯದಲ್ಲ, ಏಕೆಂದರೆ ಮೊಟ್ಟೆ ಇಡುವ ಕ್ರಮಗಳೇ ಹಲವು. ನಮ್ಮ ಬಂದರಿಗೆ ಹೆಚ್ಚಾಗಿ ಬರುವ ಭಾರತೀಯ ಬೊಂಡಾಸ ಮೊಟ್ಟೆಗಳನ್ನು ಲೋಳೆಯ ಕೋಶಗಳಲ್ಲಿ ತುಂಬಿ ಕಡಲತಳಕ್ಕೆ ಅಂಟಿಸುತ್ತದೆ. ಅದರ ಬದುಕೆಲ್ಲ ತೀರದ ನೀರಿನದು. ನಡುಗಡಲಿನ ಹಾರುಬೊಂಡಾಸಗಳು ತಳವನ್ನೇ ಮುಟ್ಟುವುದಿಲ್ಲ. ಅವು ಪಾರದರ್ಶಕ ಲೋಳೆಯ ದೊಡ್ಡ ಗೋಳವೊಂದನ್ನು ನೀರಿನ ನಡುವೆಯೇ ತೇಲಬಿಡುತ್ತವೆ. 2006ರಲ್ಲಿ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಮುಳುಗುಗಾರರಿಗೆ ಸಿಕ್ಕಿದ ಜಂಬೋ ಬೊಂಡಾಸದ ಅಂಥ ಗೋಳ 2ರಿಂದ 3 ಮೀಟರ್ ಅಗಲವಿತ್ತು; ಅದರೊಳಗಿನ ಮೊಟ್ಟೆಗಳ ಅಂದಾಜು 6 ಲಕ್ಷದಿಂದ 20 ಲಕ್ಷ. ಇನ್ನು ಮಿಣುಕು ಬೊಂಡಾಸಗಳ ಒಂದು ಕುಟುಂಬವಿದೆ. ಅವು ಮೊಟ್ಟೆಗಳನ್ನು ಬಿಡಿಬಿಡಿಯಾಗಿ ನೀರಿಗೆ ಚೆಲ್ಲುತ್ತವೆ.

ಕಟ್ಲ್‌ಫಿಶ್ ಇದಕ್ಕೆಲ್ಲ ವಿರುದ್ಧ. ಅದರ ಕಥೆ ಈ ಸಭೆಯ ಹಲವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕರ್ನಾಟಕದ ಕರಾವಳಿಯಲ್ಲಿ ತೆಂಗಿನ ಒಣ ಹೊಂಬಾಳೆಗಳನ್ನು ಕಟ್ಟಿ, ಮರಳಿನ ಚೀಲದ ಭಾರ ಕೊಟ್ಟು ಕಡಲಿಗೆ ಇಳಿಬಿಟ್ಟು, ಮೊಟ್ಟೆ ಇಡಲು ಅಲ್ಲಿಗೆ ಬರುವ ಕಟ್ಲ್‌ಫಿಶ್‌ಗಳನ್ನು ಗಾಳದಿಂದ ಹಿಡಿಯುವ ಪದ್ಧತಿ ಹಬ್ಬಿದಾಗ, ಟ್ರಾಲರ್‌ನವರಿಗೂ ಗಾಳದವರಿಗೂ ತಕರಾರುಗಳಾದವು. ಆ ತಕರಾರಿನ ನ್ಯಾಯಾನ್ಯಾಯ ಇಂದಿನ ವಿಷಯವಲ್ಲ. ಆ ಹೊಂಬಾಳೆಯನ್ನು ಮೇಲಕ್ಕೆಳೆದಾಗ ಕಾಣುವ ದ್ರಾಕ್ಷಿಗೊಂಚಲಿನಂಥ ಮೊಟ್ಟೆಗಳನ್ನು ನೆನಪಿಸಿಕೊಳ್ಳಿ. ಪ್ರತಿ ಮೊಟ್ಟೆಯೂ ದೊಡ್ಡದು, ಅದರೊಳಗೆ ಸಾಕಷ್ಟು ಬುತ್ತಿ. ಹೊರಬರುವ ಮರಿ ಕಾಳುಮೆಣಸಿನಷ್ಟು ಅಥವಾ ಅದಕ್ಕಿಂತ ತುಸು ದೊಡ್ಡದಿದ್ದು, ಹುಟ್ಟಿದ ದಿನವೇ ತಾಯಿಯಂತೆ ತಳದ ಬಳಿ ಬೇಟೆಯಾಡಲು ತೊಡಗುತ್ತದೆ. ತೇಲುವ ಹಂತವೇ ಅದಕ್ಕಿಲ್ಲ. ಹೀಗಾಗಿ ಪ್ಯಾರಾಲಾರ್ವಾ ಎಂಬ ಹೆಸರೂ ಅದಕ್ಕೆ ಸಲ್ಲುವುದಿಲ್ಲ.

ಈಗ ಹವಾಯಿಯನ್ನು ನೋಡಿ. ಹತ್ತಿರದ ಖಂಡದ ದಡದಿಂದ 3,500 ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿರುವ ಆ ದ್ವೀಪಮಾಲೆಯಲ್ಲಿ ಅಷ್ಟಪದಿಗಳಿವೆ, ಬೊಂಡಾಸಗಳಿವೆ. ಕಟ್ಲ್‌ಫಿಶ್ ಇಲ್ಲ. ಹವಳದ ದಿಬ್ಬ, ಬೆಚ್ಚನೆಯ ನೀರು, ಸೀಗಡಿ, ಏಡಿ ಎಲ್ಲವೂ ಅಲ್ಲಿವೆ. ಬೇಕಾದ ಊಟ, ಮನೆ ಯಾವುದಕ್ಕೂ ಕೊರತೆಯಿಲ್ಲ. ತಳ ಬಿಟ್ಟು ಏಳದ ಮರಿಗೆ ಆ ಆಳದ ಕಡಲು ದಾಟಲಾರದ ಗೋಡೆಯಾಯಿತು ಎಂಬುದೇ ಇದಕ್ಕೆ ನಾನು ಒಪ್ಪುವ ವಿವರಣೆ. ಮೊಟ್ಟೆಯ ಗಾತ್ರದಂಥ ಚಿಕ್ಕ ಸಂಗತಿಯೊಂದು ಒಂದು ದ್ವೀಪದಲ್ಲಿ ಯಾರಿರಬೇಕು, ಯಾರಿರಬಾರದು ಎಂಬುದನ್ನು ತೀರ್ಮಾನಿಸಿಬಿಟ್ಟಿದೆ.

ಹಾಗೆಂದು ದೂರ ತೇಲುವುದೇ ದ್ವೀಪವಾಸಿಗೆ ಒಳ್ಳೆಯದು ಎಂದು ಮುಗಿಸುವಂತಿಲ್ಲ. ತಲುಪಲು ತೇಲಬೇಕು, ನಿಜ. ಆದರೆ ತಲುಪಿದ ಮೇಲೆ ತೇಲುತ್ತಲೇ ಇದ್ದರೆ ಮರಿಗಳೆಲ್ಲ ಕಡಲಿನ ಪಾಲು. ಹವಾಯಿಯಲ್ಲಿ ಮಾತ್ರ ಇರುವ ಯೂಪ್ರಿಮ್ನಾ ಸ್ಕೊಲೊಪ್ಸ್ ಎಂಬ ಹೆಬ್ಬೆರಳಿನಷ್ಟಿನ ಮೋಟು ಬೊಂಡಾಸ ಇದಕ್ಕೆ ಅದ್ಭುತವಾದ ಉದಾಹರಣೆ. ಅದರ ಹೊಟ್ಟೆಯಡಿಯ ಬೆಳಕಿನ ಅಂಗದಲ್ಲಿ ವಿಬ್ರಿಯೊ ಫಿಶೆರಿ ಎಂಬ ಮಿನುಗುವ ಬ್ಯಾಕ್ಟೀರಿಯಾ ನೆಲೆಸಿರುತ್ತದೆ. ಮರಿ ಹುಟ್ಟುವಾಗ ಆ ಬ್ಯಾಕ್ಟೀರಿಯಾ ಅದರಲ್ಲಿರುವುದಿಲ್ಲ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಸುತ್ತಲಿನ ಕಡಲನೀರಿನಿಂದ ಪಡೆದುಕೊಳ್ಳುತ್ತದೆ. ದೊಡ್ಡವು ಪ್ರತಿದಿನ ಬೆಳಗಾಗುತ್ತಲೇ ತಮ್ಮೊಳಗಿನ ಬ್ಯಾಕ್ಟೀರಿಯಾದ ಸುಮಾರು ಶೇಕಡಾ 90ನ್ನು ನೀರಿಗೆ ಹೊರಹಾಕುತ್ತವೆ. ಹಾಗಾಗಿ ಈ ಬೊಂಡಾಸಗಳು ವಾಸವಿರುವ ಕೊಲ್ಲಿಯ ನೀರಿನಲ್ಲಿ ಆ ಬ್ಯಾಕ್ಟೀರಿಯಾ ಬೇರೆಡೆಗಿಂತ ಹೆಚ್ಚು. ತವರಿನ ನೀರಿನಲ್ಲೇ ಉಳಿದ ಮರಿಗೆ ಬೆಳಕು ಸುಲಭವಾಗಿ ದಕ್ಕುತ್ತದೆ. ಹಿರಿಯರು ಮನೆಯ ದೀಪ ಆರದಂತೆ ನೋಡಿಕೊಳ್ಳುವ ಹಾಗೆಯೇ ಇದು ಎಂದು ನನಗೆ ಪ್ರತಿಬಾರಿಯೂ ಅನ್ನಿಸುತ್ತದೆ.

ಹಾಗಾದರೆ ತೇಲುವ ಮರಿಗಳು ದ್ವೀಪದ ಬಳಿ ಉಳಿಯುವುದು ಹೇಗೆ? ಇಲ್ಲಿಂದ ಮುಂದೆ ವಿಷಯ ಜೀವಶಾಸ್ತ್ರದಿಂದ ನೀರಿನ ಚಲನೆಯ ಕಡೆಗೆ ಹೊರಳುತ್ತದೆ.

ಮಳೆಗಾಲದಲ್ಲಿ ಕಾಳಿ ನದಿಯ ಸೇತುವೆಯ ಮೇಲೆ ನಿಂತು ಕಂಬಗಳ ಕೆಳಮಗ್ಗುಲನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹರಿಯುವ ನೀರು ಕಂಬಕ್ಕೆ ಬಡಿದು ಎರಡಾಗಿ ಒಡೆಯುತ್ತದೆ. ಕಂಬದ ಹಿಂದೆ ನೀರು ನಿಧಾನಿಸುತ್ತದೆ, ತಿರುಗುತ್ತದೆ, ಎಡಕ್ಕೊಂದು ಬಲಕ್ಕೊಂದು ಸುಳಿ ಬಿಡುತ್ತದೆ. ತೇಲಿಬಂದ ಕಸಕಡ್ಡಿ, ನೊರೆ ಅಲ್ಲಿ ಸುತ್ತುತ್ತಿರುತ್ತವೆ. ಕಡಲಿನ ಸೆಳೆತಕ್ಕೆ ದ್ವೀಪವೂ ಅಂಥದೇ ಒಂದು ಕಂಬ. ಅದರ ಹಿಂಬದಿಯ ಈ ನೆಮ್ಮದಿಯ ನೀರನ್ನು ನಾನು ಹರಿವುಮರೆ ಎಂದು ಕರೆಯುತ್ತೇನೆ. ಇದರ ಜೊತೆಗೆ ಗಾಳಿಮರೆಯೂ ಇದೆ. ಹವಾಯಿಯಲ್ಲಿ ವಾಣಿಜ್ಯ ಮಾರುತಗಳು ವರ್ಷದ ಬಹುಪಾಲು ಈಶಾನ್ಯದಿಂದ ಬೀಸುತ್ತವೆ. ಹವಾಯಿ ದ್ವೀಪದ ಮೌನಾ ಕೇಯಾ ಪರ್ವತ 4,207 ಮೀಟರ್, ಮಾವಿ ದ್ವೀಪದ ಹಲೆಯಾಕಲಾ 3,055 ಮೀಟರ್. ಇವುಗಳ ನಡುವಿನ ಕಾಲುವೆಯಲ್ಲಿ ಗಾಳಿ ಕಣಿವೆಯೊಳಗೆ ನುಗ್ಗಿದಂತೆ ರಭಸವಾಗಿ ಹಾಯುತ್ತದೆ, ಪರ್ವತಗಳ ಹಿಂದೆ ಸ್ತಬ್ಧವಾಗಿರುತ್ತದೆ. ಈ ಏರುಪೇರು ಪಶ್ಚಿಮದ ಕಡಲಿನಲ್ಲಿ ನೂರು ಕಿಲೋಮೀಟರಿನಷ್ಟು ಅಗಲದ ಸುಳಿಗಳನ್ನು ಎಬ್ಬಿಸುತ್ತದೆ. ಅಪ್ರದಕ್ಷಿಣವಾಗಿ ತಿರುಗುವ ಸುಳಿಯ ನಡುವಿನಲ್ಲಿ ಆಳದ ತಣ್ಣನೆಯ, ಪೋಷಕಾಂಶಗಳಿರುವ ನೀರು ಮೇಲಕ್ಕೆ ಬರುತ್ತದೆ. ಇಂಥ ಸುಳಿಗಳು ಮೀನಿನ ಮರಿಗಳನ್ನು ದ್ವೀಪದ ಆಸುಪಾಸಿನಲ್ಲೇ ಹಿಡಿದಿಡಬಲ್ಲವು ಎಂದು ಲೋಬೆಲ್ ಮತ್ತು ರಾಬಿನ್ಸನ್ 1986ರಲ್ಲಿ ಬರೆದರು. ಮೀನಿನ ಮರಿಯನ್ನು ಹಿಡಿದ ಸುಳಿ ಬೊಂಡಾಸದ ಮರಿಯನ್ನು ಬಿಡುವುದಿಲ್ಲ. ಅದರ ಈಜು ಈ ಗಾತ್ರದಲ್ಲಿ ಸೆಳೆತಕ್ಕೆ ಎದುರಾಗಿ ನಿಲ್ಲುವಂಥದ್ದಲ್ಲ.

ದ್ವೀಪದ ಸುತ್ತಲಿನ ನೀರು ಉಳಿದ ನಡುಗಡಲಿಗಿಂತ ಫಲವತ್ತಾಗಿರುತ್ತದೆ ಎಂಬುದನ್ನೂ ಮೊದಲು ಹೇಳಿದ್ದು ಹವಾಯಿಯಿಂದಲೇ. ಡಾಟಿ ಮತ್ತು ಒಗುರಿ 1956ರಲ್ಲಿ ಒವಾಹು ದ್ವೀಪದ ಬಳಿ ಅಳೆದು, ಇದಕ್ಕೆ ದ್ವೀಪ ಪರಿಣಾಮವೆಂದು ಅರ್ಥ ಬರುವ ಹೆಸರು ಕೊಟ್ಟರು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಶಾಂತಸಾಗರದ 35 ಹವಳದ ದ್ವೀಪಗಳನ್ನು ಉಪಗ್ರಹದ ಮೂಲಕ ಪರಿಶೀಲಿಸಿ, ಅವುಗಳಲ್ಲಿ ಶೇಕಡಾ 91ರ ಸುತ್ತ ಸಸ್ಯಪ್ಲವಕ ಹೆಚ್ಚಿರುವುದನ್ನು ತೋರಿಸಿತು. ಸಸ್ಯಪ್ಲವಕವಿದ್ದಲ್ಲಿ ಅದನ್ನು ಮೇಯುವ ಚಿಕ್ಕ ಕಠಿಣಚರ್ಮಿಗಳು, ಅವುಗಳಿದ್ದಲ್ಲಿ ಅಷ್ಟಪದಿಯ ಮರಿಗೆ ಊಟ. ಹಾರುಬೊಂಡಾಸದ ಮರಿಯ ಊಟ ಮಾತ್ರ ವಿಚಿತ್ರ. ಹುಟ್ಟಿದಾಗ ಸುಮಾರು 1 ಮಿಲಿಮೀಟರ್ ಇರುವ ಆ ಮರಿಯಲ್ಲಿ, ಮುಂದೆ ಬೇಟೆಯ ಆಯುಧಗಳಾಗುವ ಎರಡು ನೀಳ ಸ್ಪರ್ಶಬಾಹುಗಳು ಒಂದಕ್ಕೊಂದು ಬೆಸೆದು ಆನೆಯ ಸೊಂಡಿಲಿನಂತಿರುತ್ತವೆ. ಅದರಿಂದ ಬೇಟೆ ಹಿಡಿಯುವುದು ಹೇಗೆ ಎಂದು ವಿಜ್ಞಾನಿಗಳು ಬಹುಕಾಲ ತಲೆ ಕೆಡಿಸಿಕೊಂಡಿದ್ದರು. ಹೊಟ್ಟೆಯಲ್ಲಿದ್ದುದರ ಡಿಎನ್‌ಎ ಓದಿ 2018ರಲ್ಲಿ ಬಂದ ವರದಿಯೊಂದು, ಈ ಮರಿಗಳು ಮೊದಮೊದಲು ನೀರಿನಲ್ಲಿ ತೇಲುವ ಕೊಳೆತ ಜೈವಿಕ ಕಣಗಳನ್ನು ತಿನ್ನುತ್ತವೆ ಎಂದು ತಿಳಿಸಿತು. ಕಡಲಿನ ಅತಿ ಚುರುಕಿನ ಬೇಟೆಗಾರ ಶೈಶವದಲ್ಲಿ ಕಸ ತಿಂದು ಬೆಳೆಯುತ್ತದೆ. ಸುಳಿಗಳು ಕಸವನ್ನು ಒಟ್ಟುಗೂಡಿಸುತ್ತವೆ ಎಂಬುದನ್ನು ಕಾಳಿಯ ಸೇತುವೆಯ ಮೇಲಿಂದ ಆಗಲೇ ನೋಡಿದ್ದೇವೆ. ಈ ಎರಡನ್ನೂ ಜೋಡಿಸಿ ಯೋಚಿಸಿದರೆ ಸುಳಿಯೊಳಗಿನ ಬದುಕು ಆ ಮರಿಗೆ ಸೆರೆಮನೆಯೆಂದು ನನಗೆ ತೋರುವುದಿಲ್ಲ.

ಇಳಿಜಾರಿನ ವಾಸಿಗಳದು ಇನ್ನೊಂದು ಬಗೆ. ಹವಾಯಿ ದ್ವೀಪಗಳ ಮುಳುಗಿದ ಇಳಿಜಾರಿನಲ್ಲಿ, ನೂರಾರು ಮೀಟರ್ ಆಳದಲ್ಲಿ, ಸಣ್ಣ ಮೀನು, ಸೀಗಡಿ ಮತ್ತು ಬೊಂಡಾಸಗಳ ಒಂದು ಸಮುದಾಯವಿದೆ ಎಂದು 1991ರಲ್ಲಿ ರೀಡ್ ಮತ್ತು ಸಂಗಡಿಗರು ವಿವರಿಸಿದರು. ಹಗಲು ಇಳಿಜಾರಿನ ಬಳಿ ಆಳದಲ್ಲಿದ್ದು, ರಾತ್ರಿ ಮೇಲಕ್ಕೆ ಮೇಯಲು ಬರುವ ಈ ಜೀವಿಗಳು ತೆರೆದ ಸಾಗರದವೂ ಅಲ್ಲ, ದಿಬ್ಬದವೂ ಅಲ್ಲ. ಬೇಲಿಯ ಸಾಲಿನಲ್ಲಿ ಬದುಕುವಂಥವು. ಅಬ್ರಾಲಿಯಾ ಟ್ರೈಗೊನ್ಯೂರಾ ಎಂಬ ಮಿಣುಕು ಬೊಂಡಾಸ ಇವುಗಳಲ್ಲೊಂದು. ಅದರ ಹತ್ತಿರದ ಸಂಬಂಧಿಯಾದ ಅಬ್ರಾಲಿಯಾಪ್ಸಿಸ್ ತೆರೆದ ಸಾಗರದ್ದು. ಎರಡೂ ಮೊಟ್ಟೆಗಳನ್ನು ಬಿಡಿಯಾಗಿ ನೀರಿಗೆ ಬಿಡುತ್ತವೆ, ಎರಡರ ಮರಿಯೂ ಮಿಲಿಮೀಟರ್ ಗಾತ್ರದ್ದು. ಅಬ್ರಾಲಿಯಾಪ್ಸಿಸ್‌ನ ಮರಿ ಎತ್ತ ತೇಲಿದರೂ ಅದರ ಮನೆಯಲ್ಲೇ ಇರುತ್ತದೆ. ಅಬ್ರಾಲಿಯಾದ ಮರಿಗೆ ಹಾಗಲ್ಲ. ಅದು ದ್ವೀಪದ ಸುತ್ತ ಸುಳಿಯುತ್ತಿರಬೇಕು, ಇಲ್ಲವೇ ಬೆಳೆಯುವ ಹೊತ್ತಿಗೆ ಇಳಿಜಾರಿಗೆ ಮರಳಿರಬೇಕು. ದ್ವೀಪದ ಸುತ್ತ ಮರಿಗಳ ಎಣಿಕೆ ಮಾಡುವಾಗ ಇವೆರಡನ್ನು ಒಂದೇ ಬುಟ್ಟಿಗೆ ಹಾಕಿದರೆ ಸಿಗುವ ಸರಾಸರಿಗೆ ಅರ್ಥವಿಲ್ಲ. ಯಾರ ಮರಿ ಎಂಬುದು ಗೊತ್ತಾಗದೆ ಎಷ್ಟು ಮರಿ ಎಂದು ಕೇಳಬಾರದು ಎಂದು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುವುದು ಇದೇ ಕಾರಣಕ್ಕೆ.

ಎಣಿಸುವುದಾದರೂ ಹೇಗೆ ಎಂದು ಕೇಳಬಹುದು. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆಯಲ್ಲಿ ಹಲವು ದೇಶಗಳ ಹಡಗುಗಳು ಒಂದೇ ಅಳತೆಯ ಬಲೆ ಬಳಸಿದವು: ಬಾಯಿ 1 ಚದರ ಮೀಟರ್, ಕಣ್ಣು 0.33 ಮಿಲಿಮೀಟರ್. ಅದನ್ನು 200 ಮೀಟರ್ ಆಳದಿಂದ ನೇರ ಮೇಲಕ್ಕೆ ಎಳೆಯುತ್ತಿದ್ದರು. ಸಿಕ್ಕ ಪ್ಲವಕಗಳನ್ನು ಕೊಚ್ಚಿಯ ಹಿಂದೂ ಮಹಾಸಾಗರ ಜೀವಶಾಸ್ತ್ರ ಕೇಂದ್ರಕ್ಕೆ ತಂದು ಬೇರ್ಪಡಿಸಿದರು. ಶೀರ್ಷಪಾದಿಗಳ ಮರಿಗಳೂ ಅವುಗಳಲ್ಲಿದ್ದವು. ಒಂದು ಎಳೆತದಲ್ಲಿ ಬಲೆ ಸೋಸುವ ನೀರು 200 ಘನ ಮೀಟರ್, ಅಂದರೆ 10,000 ಲೀಟರಿನ 20 ಟ್ಯಾಂಕರ್‌ಗಳಷ್ಟು. ಅಷ್ಟು ನೀರು ಸೋಸಿದರೂ ಬೊಂಡಾಸ, ಅಷ್ಟಪದಿಗಳ ಮರಿಗಳು ಕೈಬೆರಳಿನಲ್ಲಿ ಎಣಿಸುವಷ್ಟು ಬಂದರೆ ಹೆಚ್ಚು. ಅದಕ್ಕೇ ಈಗ ಜೋಡಿ ಬಾಯಿಯ ಬೊಂಗೊ ಬಲೆಯನ್ನು ಓರೆಯಾಗಿ, ಹೆಚ್ಚು ದೂರ ಎಳೆಯುತ್ತಾರೆ. ಬಾಯಲ್ಲಿ ಕಟ್ಟಿದ ಮೀಟರ್ ಎಷ್ಟು ನೀರು ಹಾದುಹೋಯಿತೆಂದು ಅಳೆಯುತ್ತದೆ. ಮರಿಗಳಲ್ಲಿ ಬಹುಪಾಲು ಮೇಲಿನ 100 ಮೀಟರಿನೊಳಗೆ ಇರುತ್ತವೆ, ಬೆಳೆದಂತೆ ಆಳಕ್ಕೆ ಇಳಿಯುತ್ತವೆ. ಸ್ವಲ್ಪ ದೊಡ್ಡದಾದ ಮರಿ ಹಗಲಿನಲ್ಲಿ ಬಲೆಯನ್ನು ಕಂಡು ತಪ್ಪಿಸಿಕೊಳ್ಳುವುದರಿಂದ ಹಗಲಿನ ಎಳೆತವನ್ನೂ ರಾತ್ರಿಯ ಎಳೆತವನ್ನೂ ಹೋಲಿಸುವಾಗ ಜಾಗ್ರತೆ ಬೇಕು.

ಗುರುತಿಸುವ ಕೆಲಸ ಇನ್ನೂ ಕಠಿಣ. ವರ್ಣಕೋಶಗಳ ಚುಕ್ಕೆಗಳು ಎಲ್ಲೆಲ್ಲಿವೆ, ಹಾರುಬೊಂಡಾಸದ ಮರಿಯಾದರೆ ಸೊಂಡಿಲಿನ ತುದಿಯ ಎಂಟು ಹೀರುಬಟ್ಟಲುಗಳಲ್ಲಿ ಯಾವುದು ದೊಡ್ಡದು, ಕಣ್ಣಿನಲ್ಲಿ ಬೆಳಕಿನ ಅಂಗ ಮೂಡಿದೆಯೇ ಎಂಬಂಥ ಗುರುತುಗಳನ್ನು ಒಂದೊಂದಾಗಿ ನೋಡಬೇಕು. ಬಲೆಯಲ್ಲಿ ತಿಕ್ಕಿಹೋದ ಮರಿಯಲ್ಲಿ ಇವು ಅಳಿಸಿಹೋಗಿರುತ್ತವೆ. ಆಗ ಡಿಎನ್‌ಎಯೇ ಗತಿ. ವಯಸ್ಸು ತಿಳಿಯಲು ತಲೆಯೊಳಗಿನ ಸ್ಟಾಟೊಲಿತ್ ಎಂಬ ಸುಣ್ಣದ ಕಣ ನೆರವಾಗುತ್ತದೆ. ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಬೆಳೆದಂತೆ ಇದರಲ್ಲಿ ದಿನಕ್ಕೊಂದು ಉಂಗುರ.

ಇನ್ನು ನಮ್ಮ ಲಕ್ಷದ್ವೀಪಕ್ಕೆ ಬರೋಣ. 36 ದ್ವೀಪಗಳು, ಸುಮಾರು 32 ಚದರ ಕಿಲೋಮೀಟರ್ ನೆಲ, ಆದರೆ ಅದರ ನೂರು ಪಟ್ಟಿಗೂ ಮೀರಿದ, ಹವಳದ ದಿಬ್ಬಗಳು ಸುತ್ತುವರಿದ ಒಳಗಡಲು. ಇಳಿತದ ಹೊತ್ತಿನಲ್ಲಿ ಬಯಲಾಗುವ ಹವಳದ ದಿಬ್ಬದ ಮೇಲೆ ನಡೆದು, ಕಬ್ಬಿಣದ ಸಲಾಕೆಯಿಂದ ಬಿಲ ಕೆದಕಿ ಅಷ್ಟಪದಿ ಹಿಡಿಯುವುದು ಅಲ್ಲಿಯವರ ಹಳೆಯ ಕೆಲಸ; ಅಷ್ಟಪದಿಗೆ ಅವರು ಅಪ್ಪಲ್ ಎನ್ನುತ್ತಾರೆ. ದಿಬ್ಬದ ಹೊರಗೆ, ಆಳದ ನೀರಿನಲ್ಲಿ, ನೇರಳೆ ಬೆನ್ನಿನ ಹಾರುಬೊಂಡಾಸವಿದೆ. ಅದರ ವೈಜ್ಞಾನಿಕ ಹೆಸರು ಸ್ಥೆನೊಟ್ಯೂಥಿಸ್ ಔಲಾನಿಯೆನ್ಸಿಸ್. ಫ್ರೆಂಚ್ ನಿಸರ್ಗ ವಿಜ್ಞಾನಿ ಲೆಸನ್ 1830ರಲ್ಲಿ ಆ ಹೆಸರಿಟ್ಟದ್ದು ಶಾಂತಸಾಗರದ ಔಲಾನ್ ದ್ವೀಪದ ನೆನಪಿಗೆ. ಇಂದು ಅದನ್ನು ಕೊಸ್ರಾಯ್ ಎನ್ನುತ್ತಾರೆ. ಸಾಗರ ದ್ವೀಪವೊಂದರ ಹೆಸರು ಹೊತ್ತ ಈ ಬೊಂಡಾಸದ ಅತಿ ದೊಡ್ಡ ಆಕಾರದ ಬಗೆ ಅರಬ್ಬೀ ಸಮುದ್ರದಲ್ಲಿದೆ. ಅದರ ಮೈಚೀಲವೇ 60 ಸೆಂಟಿಮೀಟರ್ ದಾಟಬಲ್ಲದು. ಇದನ್ನು ಹಿಡಿದು ಬಳಸುವ ದಾರಿಗಳ ಬಗ್ಗೆ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಲಕ್ಷದ್ವೀಪದ ಸುತ್ತ ಈಗಾಗಲೇ ಕೆಲಸ ಮಾಡಿದೆ.

ಹವಾಯಿಯಲ್ಲಿ ಕಲಿತದ್ದನ್ನು ಹಾಗೆಯೇ ತಂದು ಇಲ್ಲಿಗೆ ಹೊಂದಿಸಬಾರದು ಎಂಬುದೇ ನಾನು ಇಂದು ಒತ್ತಿ ಹೇಳಬೇಕೆಂದಿರುವ ಮಾತು. ಲಕ್ಷದ್ವೀಪದ ನೆಲ ಕಡಲಿನ ಮಟ್ಟದಿಂದ ಕೆಲವೇ ಮೀಟರ್ ಎತ್ತರ. ಅಲ್ಲಿ ಗಾಳಿಯನ್ನು ತಡೆಯುವ ಪರ್ವತವಿಲ್ಲ. ತೆಂಗಿನ ಮರಗಳೇ ಅತಿ ಎತ್ತರದವು. ಅಲ್ಲಿ ಗಾಳಿಮರೆ ಇಲ್ಲವೆಂದೇ ಹೇಳಬೇಕು, ಇರುವುದು ಹರಿವುಮರೆ ಮಾತ್ರ. ನೀರಿನ ಕೆಳಗಿನ ಗುಡ್ಡದ ಮೈ ಸೆಳೆತಕ್ಕೆ ಅಡ್ಡ ನಿಂತಾಗ ಆಗುವಂಥದ್ದು. ಜೊತೆಗೆ ಹವಾಯಿಯ ಗಾಳಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ದಿಕ್ಕಿನದು, ಅರಬ್ಬೀ ಸಮುದ್ರದ್ದು ಮುಂಗಾರಿನಲ್ಲಿ ಒಂದು, ಚಳಿಗಾಲದಲ್ಲಿ ಅದಕ್ಕೆ ವಿರುದ್ಧ. ಸೆಳೆತಗಳೂ ಹಾಗೆಯೇ ಮಗ್ಗುಲು ಬದಲಿಸುತ್ತವೆ. ಲಕ್ಷದ್ವೀಪದ ಬಳಿ ಚಳಿಗಾಲದಲ್ಲಿ ಕಡಲಿನ ಮೇಲ್ಮೈ ಉಬ್ಬಿ ಪ್ರದಕ್ಷಿಣವಾಗಿ ತಿರುಗುವ ಒಂದು ಭಾರೀ ಸುಳಿ, ಮುಂಗಾರಿನಲ್ಲಿ ಮೇಲ್ಮೈ ತಗ್ಗಿ ಅಪ್ರದಕ್ಷಿಣವಾಗಿ ತಿರುಗುವ ಇನ್ನೊಂದು ಉಂಟಾಗುವುದನ್ನು ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಶಂಕರ್ ಮತ್ತು ಶೇಟ್ಯೆ 1997ರಲ್ಲಿ ವಿವರಿಸಿದ್ದಾರೆ. ಹೀಗಿರುವಾಗ ಮರಿಗಳು ಕೂಡುವ ಮಗ್ಗುಲು ಜನವರಿಯಲ್ಲಿ ಒಂದು, ಆಗಸ್ಟಿನಲ್ಲಿ ಇನ್ನೊಂದು ಆಗಬೇಕು. ಒಂದು ಋತುವಿನಲ್ಲಿ, ದ್ವೀಪದ ಒಂದೇ ಬದಿಯಲ್ಲಿ ಬಲೆ ಎಳೆದು ಇಲ್ಲಿ ಮರಿಗಳಿವೆ ಅಥವಾ ಇಲ್ಲ ಎಂದು ಬರೆದರೆ, ಅರ್ಧ ಚಿತ್ರವನ್ನು ಪೂರ್ತಿ ಎಂದು ತೋರಿಸಿದಂತಾಗುತ್ತದೆ. ದ್ವೀಪವನ್ನು ಸುತ್ತುವರಿದು, ಹತ್ತಿರ ಮತ್ತು ದೂರದ ವರ್ತುಲಗಳಲ್ಲಿ, ಎರಡೂ ಋತುಗಳಲ್ಲಿ, ರಾತ್ರಿಯ ಹೊತ್ತು ಎಳೆದ ಬಲೆಗಳೇ ಬೇಕು. ಮುಂಗಾರಿನಲ್ಲಿ ಆ ಕಡಲಿಗೆ ಹಡಗು ಒಯ್ಯುವುದು ಸುಲಭವಲ್ಲವೆಂದು ಬಲ್ಲೆ. ಆದರೂ ದೊಡ್ಡ ಪ್ರಮಾಣದ ಬೊಂಡಾಸ ಬೇಟೆ ಅಲ್ಲಿ ತೊಡಗುವ ಮುಂಚೆ ಈ ಕೆಲಸ ಆಗಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಈ ಬೊಂಡಾಸದ ಆಯುಷ್ಯ ಒಂದು ವರ್ಷದ ಆಸುಪಾಸಿನದು. ಹಳೆಯ ಪೀಳಿಗೆ ಉಳಿದಿರುತ್ತದೆ, ಮುಂದಿನ ವರ್ಷಕ್ಕೆ ಆಗುತ್ತದೆ ಎಂಬ ಭರವಸೆ ಇಲ್ಲ. ಈ ವರ್ಷದ ಮರಿಯೇ ಮುಂದಿನ ವರ್ಷದ ಎಲ್ಲವೂ.

ಮಾತು ಮುಗಿದ ಮೇಲೆ ಹಿರಿಯ ಮೀನುಗಾರರೊಬ್ಬರು ಎದ್ದು ಕೇಳಿದ ಪ್ರಶ್ನೆಯನ್ನು ಇಲ್ಲಿ ದಾಖಲಿಸಲೇಬೇಕು. "ಸಾರ್, ಲಕ್ಷದ್ವೀಪದಲ್ಲಿ ಹುಟ್ಟಿದ ಮರಿ ತೇಲುತ್ತಾ ನಮ್ಮ ಕಾರವಾರಕ್ಕೆ ಬರಬಹುದೋ?" ಎಂದು ಅವರು ಕೇಳಿದರು. ಹಲಗೆಯ ಮೇಲೆ ಲೆಕ್ಕ ಬರೆದು ತೋರಿಸಿದೆ. ಲಕ್ಷದ್ವೀಪದ ಬಡಗಣ ದ್ವೀಪಗಳಿಂದ ಕಾರವಾರಕ್ಕೆ ಸುಮಾರು 400 ಕಿಲೋಮೀಟರ್. ಸೆಳೆತದ ವೇಗ ಸೆಕೆಂಡಿಗೆ 20 ಸೆಂಟಿಮೀಟರ್ ಎಂದಿಟ್ಟುಕೊಂಡರೆ ದಿನಕ್ಕೆ 17 ಕಿಲೋಮೀಟರ್ ಆಯಿತು; ನೇರ ದಾರಿಯಾದರೆ 24 ದಿನ. ಅಷ್ಟಪದಿಯ ಮರಿ ಒಂದು ತಿಂಗಳಾದರೂ ತೇಲಬಲ್ಲದು, ಹಾಗಾಗಿ ದಿನಗಳ ಲೆಕ್ಕದಲ್ಲಿ ಅಡ್ಡಿಯಿಲ್ಲ. ಆದರೆ ದಾರಿ ನೇರವಲ್ಲ. ನಮ್ಮ ಪಶ್ಚಿಮ ತೀರದ ಸೆಳೆತ ಮುಂಗಾರಿನಲ್ಲಿ ತೆಂಕಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಬಡಗಣಕ್ಕೆ. ಬರುವುದಾದರೆ ಚಳಿಗಾಲದ ಮರಿಯೇ ಬರಬೇಕು; ಅದೂ ಸುಳಿಯ ಅಂಚಿನಿಂದ ಜಾರಿ ತೀರದ ಸೆಳೆತಕ್ಕೆ ಸೇರಿಕೊಂಡದ್ದು. ಮುಂಗಾರಿನಲ್ಲಾದರೆ ಇಲ್ಲಿಯ ಮರಿ ತೆಂಕಣಕ್ಕೆ ಹೊರಡುತ್ತದೆ. ನೇರಳೆ ಬೆನ್ನಿನ ಬೊಂಡಾಸದ ಮರಿ ಬಂದರೂ ಆಳವಿಲ್ಲದ ನಮ್ಮ ನೀರಿನಲ್ಲಿ ನಿಲ್ಲುವಂಥದ್ದಲ್ಲ.

ಅವರು ಸ್ವಲ್ಪ ಹೊತ್ತು ಹಲಗೆಯನ್ನೇ ನೋಡಿ, "ಹಾಗಾದರೆ ಚಳಿಗಾಲದಲ್ಲಿ ನೇತ್ರಾಣಿಯ ಬಂಡೆಗಳ ಸಂದಿಯಲ್ಲಿ ನೋಡಬೇಕು" ಎಂದರು. ಬಂಡೆಯಿರುವ ತಳ, ತೀರದಿಂದ ದೂರ, ಬಡಗಣಕ್ಕೆ ಹೋಗುವ ಸೆಳೆತದ ದಾರಿ. ಹುಡುಕಲು ಹೊರಟರೆ ನಾನೂ ಮೊದಲು ಅಲ್ಲಿಗೇ ಹೋಗುತ್ತಿದ್ದೆ.